ಕುದುರೆಸವಾರನು ಕಟ್ಟಿದ ‘ಮಾರುತ’: ಡಾ. ಕುರ್ಟ್ ಟ್ಯಾಂಕ್ ಅವರ ಜೀವನ ವೃತ್ತಾಂತ

ವರ್ಲಿಯ ನೆಹರು ವಿಜ್ಞಾನ ಕೇಂದ್ರದ ಆವರಣದಲ್ಲಿ ಒಂದು ಯುದ್ಧವಿಮಾನವು ನಿಂತಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ನೀಳವಾದ ಮೂಗು, ಹಿಂದಕ್ಕೆ ಬಾಗಿದ ರೆಕ್ಕೆಗಳು, ತೆಳ್ಳಗಿನ ಮೈಕಟ್ಟು. ನಾವು ಊರು ಬಿಟ್ಟು ಹೊಸತಾಗಿ ಈ ಮಹಾನಗರಕ್ಕೆ ಬಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದ ದಿನಗಳಲ್ಲಿ, ಒಂದು ರಜೆಯ ಮಧ್ಯಾಹ್ನ ಜೊತೆಗಾರರೊಡನೆ ಅಲ್ಲಿಗೆ ಹೋಗಿ ಅದರ ಮುಂದೆ ಬಹಳ ಹೊತ್ತು ನಿಂತಿದ್ದೆವು. ಅದು ನಮ್ಮ ಬೆಂಗಳೂರಿನಲ್ಲಿ ತಯಾರಾದುದೆಂದು ತಿಳಿದು ನಮಗೆ ಹಿಡಿಸಲಾರದಷ್ಟು ಹೆಮ್ಮೆಯಾಯಿತು. ಆದರೆ ಅದನ್ನು ಯೋಜಿಸಿದ ಮುಖ್ಯ ಶಿಲ್ಪಿಯು ಜರ್ಮನಿಯವನೆಂಬುದಾಗಲಿ, ಆತನೂ ನಮ್ಮಂತೆಯೇ ಹುಟ್ಟಿದ ನೆಲವನ್ನು ಬಿಟ್ಟು ಕೈಕಸುಬನ್ನೇ ನಂಬಿ ದೇಶದಿಂದ ದೇಶಕ್ಕೆ ಅಲೆದವನೆಂಬುದಾಗಲಿ ಆಗ ನಮಗೆ ತಿಳಿದಿರಲಿಲ್ಲ. ಎರಡು ಮಹಾಯುದ್ಧಗಳನ್ನು ಕಂಡು, ನಮ್ಮ ಕನ್ನಡ ನಾಡಿನಲ್ಲಿ ಹನ್ನೊಂದು ವರ್ಷ ದುಡಿದ ಆ ಮಹನೀಯರ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಅವರ ಹೆಸರು ಕುರ್ಟ್ ಟ್ಯಾಂಕ್. ಹೆಸರನ್ನು ಕೇಳಿ ನಮ್ಮ ಚಾಳಿನ ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿಯೂ, ರಣರಂಗದ ಉಕ್ಕಿನ ಟ್ಯಾಂಕೂ ನೆನಪಾಗುವುದು ಸಹಜ. ಆದರೆ ಅದು ಅವರ ಮನೆತನದ ಹೆಸರು. ವಿಮಾನದ ಲೋಕದಲ್ಲಿ ಆ ಹೆಸರನ್ನು ಅರಿಯದವರು ವಿರಳ.

ಅಶ್ವದಳದಿಂದ ಆಕಾಶಕ್ಕೆ

ಟ್ಯಾಂಕ್ ಅವರು ೧೮೯೮ನೆಯ ಇಸವಿ ಫೆಬ್ರವರಿ ೨೪ರಂದು ಬ್ರೋಮ್‌ಬೆರ್ಗ್ ಎಂಬ ಪಟ್ಟಣದಲ್ಲಿ ಜನಿಸಿದರು. ಆ ಪಟ್ಟಣವು ಅಂದು ಜರ್ಮನ್ ಸಾಮ್ರಾಜ್ಯದಲ್ಲಿತ್ತು. ಮೊದಲ ಮಹಾಯುದ್ಧದ ನಂತರ ಪೋಲೆಂಡಿಗೆ ಸೇರಿತು. ಇಂದು ಅದರ ಹೆಸರು ಬಿದ್ಗೋಶ್ಚ್. ಗಡಿನಾಡಿನ ಕನ್ನಡಿಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯನು ಇದ್ದಲ್ಲಿಯೇ ಇರುತ್ತಾನೆ, ಆದರೆ ಅವನ ಊರು ಬೇರೊಂದು ರಾಜ್ಯಕ್ಕೆ ಹೊರಟುಹೋಗುತ್ತದೆ.

ಅವರದು ಸೈನಿಕರ ಮನೆತನ. ೧೯೧೪ರಲ್ಲಿ ಮೊದಲ ಮಹಾಯುದ್ಧವು ಆರಂಭವಾದಾಗ ಹುಡುಗನ ಮನಸ್ಸೆಲ್ಲ ಆಗ ತಾನೇ ಕಣ್ಣುತೆರೆಯುತ್ತಿದ್ದ ವಿಮಾನದಳದ ಮೇಲಿತ್ತು. ಆದರೆ ತಂದೆಯು ಒಪ್ಪಲಿಲ್ಲ. ಮನೆತನದ ಪದ್ಧತಿಯಂತೆ ಮಗನು ಅಶ್ವದಳಕ್ಕೇ ಸೇರಬೇಕೆಂದು ಅವರು ಪಟ್ಟುಹಿಡಿದರು. ತಂದೆಯ ಮಾತನ್ನು ಮೀರದೆ ಕುರ್ಟ್ ಅವರು ಕುದುರೆ ಏರಿದರು, ಯುದ್ಧ ಮಾಡಿದರು, ಶೌರ್ಯಕ್ಕಾಗಿ ಪದಕಗಳನ್ನೂ ಪಡೆದರು. ಕೆಸರಿನಲ್ಲಿ, ಹಿಮದಲ್ಲಿ, ಹಸಿವಿನಲ್ಲಿ ಕುದುರೆ ಹೇಗೆ ಬಾಳುತ್ತದೆ, ಹೇಗೆ ಬೀಳುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡರು. ತಂದೆಯ ಹಟದಿಂದ ಕಳೆದುಹೋಯಿತೆಂದುಕೊಂಡ ಈ ವರ್ಷಗಳೇ ಮುಂದೆ ಅವರ ವಿದ್ಯೆಗೆ ತಳಹದಿಯಾದುದನ್ನು ವಾಚಕರು ಮುಂದೆ ಕಾಣುವರು.

ಯುದ್ಧದಲ್ಲಿ ಜರ್ಮನಿಯು ಸೋತಿತು. ಸೈನ್ಯವು ಚದುರಿತು. ಟ್ಯಾಂಕ್ ಅವರು ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯವನ್ನು ಸೇರಿ ವಿದ್ಯುತ್ ಇಂಜಿನಿಯರಿಂಗ್ ಶಾಸ್ತ್ರವನ್ನು ಅಭ್ಯಾಸ ಮಾಡಿದರು. ಸಂಧಿಯ ಷರತ್ತುಗಳಿಂದಾಗಿ ಜರ್ಮನರು ದೊಡ್ಡ ವಿಮಾನಗಳನ್ನು ಕಟ್ಟುವಂತಿರಲಿಲ್ಲ. ಆದರೆ ಇಂಜಿನಿಲ್ಲದೆ ಗಾಳಿಯಲ್ಲಿ ತೇಲುವ ಗ್ಲೈಡರುಗಳಿಗೆ ತಡೆಯಿರಲಿಲ್ಲ. ವಿದ್ಯಾರ್ಥಿಗಳು ಕೂಡಿ ಒಂದು ಹಾರಾಟದ ಸಂಘವನ್ನು ಕಟ್ಟಿದರು. ಅದರ ಸ್ಥಾಪಕರಲ್ಲಿ ಟ್ಯಾಂಕ್ ಅವರೂ ಒಬ್ಬರು. ೧೯೨೪ರಲ್ಲಿ ಅವರು ರೋರ್‌ಬಾಖ್ ಎಂಬ ವಿಮಾನ ಕಂಪೆನಿಯಲ್ಲಿ ಕೆಲಸಕ್ಕೆ ಸೇರಿ, ನೀರಿನ ಮೇಲಿಳಿಯುವ ವಿಮಾನಗಳ ರಚನೆಯನ್ನು ಕಲಿತರು. ತಾವೇ ವಿಮಾನ ನಡೆಸುವುದನ್ನೂ ಕಲಿತರು. ಆ ಬಳಿಕ ಕೆಲಕಾಲ ಆಗ್ಸ್‌ಬುರ್ಗ್‌ನಲ್ಲಿ ಪ್ರಖ್ಯಾತ ಮೆಸ್ಸರ್‌ಶ್ಮಿಟ್ ಅವರ ಕೈಕೆಳಗೂ ದುಡಿದರು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಇಬ್ಬರ ಹಾದಿಯೂ ಮುಂದೆ ಬಹು ವಿಚಿತ್ರವಾಗಿ ಕೂಡಲಿದೆ.

೧೯೩೧ರಲ್ಲಿ ಟ್ಯಾಂಕ್ ಅವರು ಬ್ರೆಮೆನ್ ನಗರದ ಫೋಕೆ-ವುಲ್ಫ್ ಕಂಪೆನಿಯನ್ನು ಸೇರಿದರು. ಅಲ್ಲಿ ವಿಮಾನಗಳ ಯೋಜನೆಯೂ ಪರೀಕ್ಷಾ ಹಾರಾಟವೂ ಅವರ ಅಧೀನಕ್ಕೆ ಬಂದುವು. ಸಾಮಾನ್ಯವಾಗಿ ನಕ್ಷೆ ಬರೆಯುವವನು ಒಬ್ಬ, ಹಾರಿಸಿ ನೋಡುವವನು ಇನ್ನೊಬ್ಬ. ಟ್ಯಾಂಕ್ ಅವರ ರೀತಿಯೇ ಬೇರೆ. ತಾವು ಮಾಡಿದ ಅಡಿಗೆಯನ್ನು ತಾವೇ ಮೊದಲು ರುಚಿನೋಡಿ ಗಿರಾಕಿಯ ಮುಂದಿಡುವ ಹಳೆಯ ಕಾಲದ ಭಟ್ಟರಂತೆ, ತಾವು ಯೋಜಿಸಿದ ವಿಮಾನವನ್ನು ತಾವೇ ಏರಿ ಅದರ ಗುಣದೋಷಗಳನ್ನು ಅಳೆಯುತ್ತಿದ್ದರು.

ಕಾಂಡೋರ್ ಮತ್ತು ರಣಕುದುರೆ

ಅವರಿಗೆ ಲೋಕಪ್ರಸಿದ್ಧಿಯನ್ನು ತಂದುಕೊಟ್ಟುದು ನಾಲ್ಕು ಇಂಜಿನುಗಳ ‘ಕಾಂಡೋರ್’ ಎಂಬ ಪ್ರಯಾಣಿಕ ವಿಮಾನ. ೧೯೩೭ರ ಜುಲೈ ತಿಂಗಳಲ್ಲಿ ಅದನ್ನು ಮೊದಲ ಬಾರಿಗೆ ಹಾರಿಸಿದವರು ಸ್ವತಃ ಟ್ಯಾಂಕ್ ಅವರೇ. ೧೯೩೮ರ ಆಗಸ್ಟ್ ತಿಂಗಳಲ್ಲಿ ಅದು ಬರ್ಲಿನ್ನಿನಿಂದ ಹೊರಟು, ನಡುವೆ ಎಲ್ಲಿಯೂ ಇಳಿಯದೆ, ಇಪ್ಪತ್ತೈದು ಗಂಟೆಗೆ ನಾಲ್ಕು ನಿಮಿಷ ಕಡಿಮೆಯಿರುವಾಗ ನ್ಯೂಯಾರ್ಕನ್ನು ತಲಪಿತು. ಅದೇ ವರ್ಷದ ನವೆಂಬರಿನಲ್ಲಿ ಅದು ಬಾಸ್ರಾ, ಕರಾಚಿ, ಹನೋಯ್ ಮಾರ್ಗವಾಗಿ ಟೋಕಿಯೋವನ್ನು ಸೇರಿತು. ಕರಾಚಿಯು ಅದಕ್ಕೆ ಎರಡು ವರ್ಷ ಹಿಂದಿನವರೆಗೂ ನಮ್ಮ ಮುಂಬಯಿ ಪ್ರಾಂತಕ್ಕೇ ಸೇರಿದ್ದ ಊರು. ಹೀಗೆ ಟ್ಯಾಂಕ್ ಅವರು ಹಿಂದುಸ್ಥಾನದ ನೆಲವನ್ನು ಮೆಟ್ಟುವ ಹದಿನೆಂಟು ವರ್ಷ ಮೊದಲೇ ಅವರ ವಿಮಾನವು ಇಲ್ಲಿಗೆ ಬಂದುಹೋಗಿತ್ತು.

ಆದರೆ ಕಾಲವು ಕೆಟ್ಟಿತ್ತು. ಹಿಟ್ಲರನು ೧೯೩೩ರಲ್ಲಿಯೇ ಅಧಿಕಾರವನ್ನು ಹಿಡಿದಿದ್ದನು. ೧೯೩೯ರಲ್ಲಿ ಎರಡನೆಯ ಮಹಾಯುದ್ಧವು ಸಿಡಿದಾಗ, ಪ್ರಯಾಣಿಕರಿಗಾಗಿ ಹುಟ್ಟಿದ ಕಾಂಡೋರ್ ವಿಮಾನವು ಬಾಂಬುಗಳನ್ನು ಹೊತ್ತು ಅಟ್ಲಾಂಟಿಕ್ ಸಾಗರದ ಮೇಲೆ ಸರಕುಹಡಗುಗಳನ್ನು ಬೇಟೆಯಾಡತೊಡಗಿತು.

ಆ ಯುದ್ಧದಲ್ಲಿ ಟ್ಯಾಂಕ್ ಅವರ ಮುಖ್ಯ ಸೃಷ್ಟಿಯೆಂದರೆ ಫೋಕೆ-ವುಲ್ಫ್ ೧೯೦ ಎಂಬ ಕಾದಾಟದ ವಿಮಾನ. ೧೯೩೯ರ ಜೂನ್ ೧ರಂದು ಅದರ ಮೊದಲ ಹಾರಾಟವಾಯಿತು. ಇದನ್ನು ರಚಿಸುವಾಗ ಅವರಿಗೆ ಹಳೆಯ ಅಶ್ವದಳದ ಅನುಭವವು ದಾರಿತೋರಿಸಿತು. ಅಂದಿನ ಹೆಸರಾಂತ ವಿಮಾನಗಳೆಲ್ಲ ಪಂದ್ಯದ ಕುದುರೆಗಳಂತೆ: ಒಳ್ಳೆಯ ಲಾಯ, ಒಳ್ಳೆಯ ಮೇವು, ನಯವಾದ ಓಟದ ಬಯಲು ಇದ್ದರೆ ಮಾತ್ರ ಮಿಂಚಿನಂತೆ ಓಡುವಂಥವು, ಸ್ವಲ್ಪ ಪೆಟ್ಟಾದರೆ ಮೂಲೆಗುಂಪು. ರಣರಂಗಕ್ಕೆ ಬೇಕಾದುದು ಕೆಸರಿನಲ್ಲಿ ನಡೆದು, ಸಿಕ್ಕಿದ್ದನ್ನು ತಿಂದು, ಗಾಯವಾದರೂ ಸವಾರನನ್ನು ಮನೆಗೆ ತಲಪಿಸುವ ದಂಡಿನ ಕುದುರೆ ಎಂಬುದು ಟ್ಯಾಂಕ್ ಅವರ ಸಿದ್ಧಾಂತವಾಗಿತ್ತು. ಆದುದರಿಂದ ಅವರು ನೀರಿನಿಂದ ತಂಪಾಗುವ ಇಂಜಿನನ್ನು ಬಿಟ್ಟು ಗಾಳಿಯಿಂದ ತಂಪಾಗುವ ಇಂಜಿನನ್ನು ಆರಿಸಿಕೊಂಡರು. ಗುಂಡು ತಗಲಿ ನೀರು ಸೋರಿಹೋಗುವ ಭಯ ಅದಕ್ಕಿಲ್ಲ. ಚಕ್ರಗಳನ್ನು ಅಗಲವಾಗಿ ಇಟ್ಟರು; ಹೊಸ ಪೈಲಟನು ಹದಗೆಟ್ಟ ಬಯಲಿನಲ್ಲಿ ಇಳಿಸಿದರೂ ವಿಮಾನವು ಮಗುಚುವ ಸಂಭವ ಕಡಿಮೆ. ಬಿಚ್ಚಿ ಜೋಡಿಸಲು ಸಾಧಾರಣ ಮೆಕ್ಯಾನಿಕನಿಗೂ ಸಾಧ್ಯವಾಗಬೇಕೆಂದು ಎಚ್ಚರ ವಹಿಸಿದರು.

೧೯೪೧ರಲ್ಲಿ ಈ ವಿಮಾನವು ಇಂಗ್ಲಿಷ್ ಕಾಲುವೆಯ ಮೇಲೆ ಕಾಣಿಸಿಕೊಂಡಾಗ ಬ್ರಿಟಿಷರ ಅಂದಿನ ಸ್ಪಿಟ್‌ಫೈರ್ ವಿಮಾನಗಳು ಅದರ ಮುಂದೆ ಮಂಕಾದುವು. ೧೯೪೨ರ ಜೂನ್ ತಿಂಗಳಲ್ಲಿ ಒಬ್ಬ ಜರ್ಮನ್ ಪೈಲಟನು ದಿಕ್ಕುತಪ್ಪಿ, ತನ್ನದೇ ನೆಲೆಯೆಂದು ಭ್ರಮಿಸಿ, ವೇಲ್ಸ್ ಪ್ರಾಂತದ ಬ್ರಿಟಿಷ್ ವಿಮಾನ ನೆಲೆಯಲ್ಲಿಯೇ ಇದನ್ನು ಇಳಿಸಿಬಿಟ್ಟನು. ಬ್ರಿಟಿಷರಿಗೆ ಅದರ ಮರ್ಮವೆಲ್ಲ ಬಯಲಾಯಿತು. ಯುದ್ಧವು ಮುಗಿಯುವುದರೊಳಗೆ ಈ ಜಾತಿಯ ಸುಮಾರು ಇಪ್ಪತ್ತು ಸಾವಿರ ವಿಮಾನಗಳು ತಯಾರಾದುವು.

ಇಲ್ಲಿ ನಾವು ಒಂದು ಮಾತನ್ನು ಹೇಳದೆ ಮುಂದುವರಿದರೆ ಪತ್ರಿಕಾಧರ್ಮಕ್ಕೆ ದ್ರೋಹ ಬಗೆದಂತಾಗುವುದು. ಆ ಇಪ್ಪತ್ತು ಸಾವಿರ ವಿಮಾನಗಳನ್ನು ಕಟ್ಟಿದವರು ಯಾರು? ಜರ್ಮನಿಯ ಯುದ್ಧ ಕಾರಖಾನೆಗಳಲ್ಲಿ, ಫೋಕೆ-ವುಲ್ಫ್ ಕಾರಖಾನೆಗಳೂ ಸೇರಿದಂತೆ, ಗೆದ್ದ ದೇಶಗಳಿಂದ ಹಿಡಿದು ತಂದ ಜನರನ್ನು ಬಲಾತ್ಕಾರದಿಂದ ದುಡಿಸಲಾಗುತ್ತಿತ್ತು. ಅವರಿಗೆ ರಜೆಯಿರಲಿಲ್ಲ, ಬಿಟ್ಟುಹೋಗುವ ಸ್ವಾತಂತ್ರ್ಯವಿರಲಿಲ್ಲ, ಹೊಟ್ಟೆತುಂಬ ಅನ್ನವಿರಲಿಲ್ಲ. ಅನೇಕರು ಊರಿಗೆ ಮರಳಲೇ ಇಲ್ಲ. ಬಾಲ್ಯದಿಂದಲೇ ಪರರ ಕೈಕೆಳಗೆ ದುಡಿದ ನಮ್ಮಂಥವರು ಟ್ಯಾಂಕ್ ಅವರ ಜಾಣ್ಮೆಯನ್ನು ಹೊಗಳುವಾಗ ಆ ಹೆಸರಿಲ್ಲದ ಕೂಲಿಕಾರರನ್ನು ಮರೆಯಲಾಗದು. ಕೈಚಳಕವು ದೊಡ್ಡದು, ಆದರೆ ಆ ಕೈ ಯಾರ ಸೇವೆಯಲ್ಲಿತ್ತು ಎಂಬ ಪ್ರಶ್ನೆಯೂ ಅಷ್ಟೇ ದೊಡ್ಡದು.

ಯುದ್ಧದ ಕೊನೆಗಾಲದಲ್ಲಿ ಅವರು ರಚಿಸಿದ ವಿಮಾನಗಳಿಗೆ ಅವರ ಹೆಸರಿನ ಮೊದಲ ಅಕ್ಷರಗಳನ್ನೇ ಇಡುವ ಗೌರವವು ದೊರೆಯಿತು. ಟಿಎ ೧೫೨ ಅಂಥದೊಂದು. ೧೯೪೪ರ ಕೊನೆಗೆ ಅವರು ಒಬ್ಬರೇ ಈ ವಿಮಾನದಲ್ಲಿ ಸಭೆಯೊಂದಕ್ಕೆ ಹೊರಟಿದ್ದಾಗ ನಾಲ್ಕು ಅಮೆರಿಕನ್ ಮಸ್ಟಾಂಗ್ ವಿಮಾನಗಳು ಬೆನ್ನಟ್ಟಿದುವು. ಟ್ಯಾಂಕ್ ಅವರು ಇಂಜಿನಿಗೆ ನೀರು-ಮದ್ಯಸಾರದ ಮಿಶ್ರಣವನ್ನು ಚಿಮ್ಮಿಸಿ ಬಲವನ್ನು ಹೆಚ್ಚಿಸುವ ಸಾಧನವನ್ನು ತಿರುಗಿಸಿದರು. ನೋಡನೋಡುತ್ತಿದ್ದಂತೆ ಮಸ್ಟಾಂಗುಗಳು ಹಿಂದೆ ಚುಕ್ಕೆಗಳಾಗಿ ಉಳಿದುವು. ನಲ್ವತ್ತಾರು ವಯಸ್ಸಿನ ಯೋಜಕನು ತನ್ನ ಯೋಜನೆಯಿಂದಲೇ ತನ್ನ ಪ್ರಾಣವನ್ನು ಉಳಿಸಿಕೊಂಡ ಇಂಥ ಪ್ರಸಂಗವು ವಿಮಾನದ ಚರಿತ್ರೆಯಲ್ಲಿ ಅಪರೂಪ.

ಪರದೇಶದ ಪಾಲಾದುದು

೧೯೪೫ರಲ್ಲಿ ಜರ್ಮನಿಯು ಪೂರ್ಣವಾಗಿ ನೆಲಕಚ್ಚಿತು. ವಿಮಾನವನ್ನು ಕಟ್ಟುವುದು ಜರ್ಮನರಿಗೆ ಮತ್ತೆ ನಿಷಿದ್ಧವಾಯಿತು. ಹುಟ್ಟೂರು ಎಂದೋ ಪರದೇಶವಾಗಿತ್ತು. ಈಗ ಉಣ್ಣುವ ದಾರಿಯೂ ಮುಚ್ಚಿತು. ಗೆದ್ದ ರಾಜ್ಯಗಳು ಅವರನ್ನು ವಿಚಾರಿಸಿದುವು, ಕೆಲಸದ ಮಾತುಕತೆಗಳೂ ನಡೆದುವು, ಯಾವುದೂ ಕೂಡಿಬರಲಿಲ್ಲ. ಕೊನೆಗೆ ೧೯೪೭ರಲ್ಲಿ ಟ್ಯಾಂಕ್ ಅವರು ಪೇದ್ರೋ ಮಥೀಸ್ ಎಂಬ ಸುಳ್ಳು ಹೆಸರಿನ ರಹದಾರಿಯೊಂದಿಗೆ, ನಕ್ಷೆಗಳ ಸಣ್ಣ ಫಿಲ್ಮುಗಳನ್ನು ಬಚ್ಚಿಟ್ಟುಕೊಂಡು, ದಕ್ಷಿಣ ಅಮೆರಿಕದ ಅರ್ಜೆಂಟೀನಕ್ಕೆ ತೆರಳಿದರು. ಅವರ ಹಿಂದಿನ ಸಹೋದ್ಯೋಗಿಗಳಲ್ಲಿ ಹಲವು ಮಂದಿ ಅಲ್ಲಿಗೆ ಬಂದು ಸೇರಿದರು. ಮೊದಲು ಒಬ್ಬನು ಮುಂಬಯಿಗೆ ಬಂದು ನೆಲೆನಿಂತು, ಆಮೇಲೆ ಊರಿನವರನ್ನು ಒಬ್ಬೊಬ್ಬರನ್ನಾಗಿ ಕರೆಸಿಕೊಳ್ಳುವ ನಮ್ಮ ಪದ್ಧತಿಯೇ ಇದು.

ಅರ್ಜೆಂಟೀನದ ಅಧ್ಯಕ್ಷನಾದ ಪೆರೋನನು ಅವರಿಗೆ ಕೊರ್ದೋಬ ನಗರದಲ್ಲಿ ಕಾರಖಾನೆಯನ್ನು ಒಪ್ಪಿಸಿದನು. ಅಲ್ಲಿ ಅವರು ‘ಪುಲ್ಕಿ ಎರಡು’ ಎಂಬ ಜೆಟ್ ವಿಮಾನವನ್ನು ರಚಿಸಿದರು. ೧೯೫೦ರಲ್ಲಿ ಅದು ಹಾರಿತು. ೧೯೫೧ರ ಫೆಬ್ರವರಿ ತಿಂಗಳಲ್ಲಿ ರಾಜಧಾನಿಯಲ್ಲಿ ಪೆರೋನನ ಸಮ್ಮುಖದಲ್ಲಿ ಅದನ್ನು ಹಾರಿಸಿ ತೋರಿಸಿದವರು ಐವತ್ತು ದಾಟಿದ ಟ್ಯಾಂಕ್ ಅವರೇ. ಆದರೆ ಈ ವಿಮಾನವು ಬಲಿಗಳನ್ನೂ ತೆಗೆದುಕೊಂಡಿತು: ೧೯೫೧ರಲ್ಲಿ ಒಬ್ಬ ಅರ್ಜೆಂಟೀನದ ಪೈಲಟನೂ, ೧೯೫೨ರಲ್ಲಿ ಟ್ಯಾಂಕ್ ಅವರ ಹಳೆಯ ಸಂಗಾತಿಯಾದ ಓಟ್ಟೋ ಬೆಹ್ರೆನ್ಸ್‌ನೂ ಅಪಘಾತಗಳಲ್ಲಿ ಮಡಿದರು. ೧೯೫೫ರಲ್ಲಿ ಪೆರೋನನ ಪದಚ್ಯುತಿಯಾಯಿತು. ಧಣಿಯು ಹೋದೊಡನೆ ಅಡಿಗೆಮನೆಯವರ ಗತಿ ಏನಾಗುವುದೆಂದು ನಮ್ಮವರಿಗೆ ಗೊತ್ತು. ಆ ಗುಂಪು ಚದುರಿಹೋಯಿತು. ಟ್ಯಾಂಕ್ ಅವರ ಕಣ್ಣು ಪೂರ್ವ ದಿಕ್ಕಿನ ಕಡೆ ಹೊರಳಿತು.

ಬೆಂಗಳೂರಿನ ಬಯಲಿಗೆ

ಈಗ ನಾವು ಬೆಂಗಳೂರಿನ ವಿಮಾನ ಕಾರಖಾನೆಯ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಬೇಕು. ಅದರ ಮೂಲ ಪುರುಷರು ಸೊಲ್ಲಾಪುರದಲ್ಲಿ ಹುಟ್ಟಿ ಮುಂಬಯಿಯಲ್ಲಿ ಉದ್ಯಮ ಕಟ್ಟಿದ ಸೇಠ್ ವಾಲಚಂದ ಹೀರಾಚಂದರು. ೧೯೪೦ರ ಡಿಸೆಂಬರ್ ತಿಂಗಳಲ್ಲಿ ಅವರು ಮೈಸೂರು ಸಂಸ್ಥಾನದ ಸಹಾಯದಿಂದ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಯುದ್ಧದ ಒತ್ತಡದಲ್ಲಿ ೧೯೪೨ರಲ್ಲಿ ಸರಕಾರವು ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಮುಂಬಯಿಯ ಬಂಡವಾಳವೂ ಮೈಸೂರಿನ ನೆಲವೂ ಕೂಡಿ ಹುಟ್ಟಿದ ಆ ಕೂಸೇ ಇಂದಿನ ಎಚ್.ಎ.ಎಲ್. ಸ್ವಾತಂತ್ರ್ಯಾನಂತರ ಅಲ್ಲಿ ಜರ್ಮನಿಯಲ್ಲಿ ಓದಿ ಬಂದ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಎಚ್.ಟಿ. ೨ ಎಂಬ ತರಬೇತಿ ವಿಮಾನವು ರಚಿತವಾಗಿ ೧೯೫೧ರಲ್ಲಿ ಹಾರಿತು.

ಪಂಡಿತ ನೆಹರೂ ಅವರ ಸರಕಾರದ ಇಚ್ಛೆಯು ಇನ್ನೂ ದೊಡ್ಡದಿತ್ತು. ಶಬ್ದಕ್ಕಿಂತ ವೇಗವಾಗಿ ಹಾರುವ ಕಾದಾಟದ ವಿಮಾನವು ಭಾರತದಲ್ಲಿಯೇ ಹುಟ್ಟಬೇಕೆಂಬುದು ಅದರ ಸಂಕಲ್ಪ. ಏಷ್ಯದಲ್ಲಿ ರಷ್ಯವನ್ನು ಬಿಟ್ಟರೆ ಅಂದು ಬೇರೆ ಯಾವ ದೇಶವೂ ಅಂಥ ಕೆಲಸವನ್ನು ಪೂರೈಸಿರಲಿಲ್ಲ. ೧೯೫೬ರಲ್ಲಿ ಟ್ಯಾಂಕ್ ಅವರು ತಮ್ಮ ಸಹಾಯಕ ಮಿಟ್ಟೆಲ್‌ಹೂಬರ್ ಅವರೊಡನೆ ಬೆಂಗಳೂರಿಗೆ ಬಂದರು. ಇತರ ಜರ್ಮನ್ ಇಂಜಿನಿಯರರೂ ಬಂದು ಕೂಡಿಕೊಂಡರು. ವಾಯುದಳವು ಕೇಳಿದುದು ಸಣ್ಣ ವಸ್ತುವಲ್ಲ. ಶಬ್ದದ ಎರಡು ಪಟ್ಟು ವೇಗ, ಅರುವತ್ತು ಸಾವಿರ ಅಡಿಗಳ ಎತ್ತರ, ಐನೂರು ಮೈಲು ದೂರ ಹೋಗಿ ಕಾದಾಡಿ ಮರಳುವ ಶಕ್ತಿ ಇವೆಲ್ಲ ಒಂದೇ ವಿಮಾನದಲ್ಲಿರಬೇಕಿತ್ತು. ಅದಕ್ಕೆ ಬೇಕಾದ ಪ್ರಯೋಗಶಾಲೆಗಳಾಗಲಿ, ಪಳಗಿದ ಯೋಜಕರಾಗಲಿ ಅಂದು ಅಲ್ಲಿ ಸಾಕಷ್ಟು ಇರಲಿಲ್ಲ. ಅಡಿಗೆಯನ್ನು ಮಾಡುತ್ತಲೇ ಒಲೆಯನ್ನು ಕಟ್ಟಬೇಕಾದ ಸ್ಥಿತಿ. ಟ್ಯಾಂಕ್ ಅವರೂ ಅವರ ಭಾರತೀಯ ಸಹೋದ್ಯೋಗಿಗಳೂ ಒಟ್ಟಿಗೆ ಕಟ್ಟಿದರು.

ಮೊದಲು ವಿಮಾನದ ಅಳತೆಯಲ್ಲಿಯೇ ಮರದ ಗ್ಲೈಡರನ್ನು ತಯಾರಿಸಲಾಯಿತು. ೧೯೫೯ರಲ್ಲಿ ಅದನ್ನು ಡಕೋಟಾ ವಿಮಾನದ ಹಿಂದೆ ಹಗ್ಗಕ್ಕೆ ಕಟ್ಟಿ ಎಳೆದೊಯ್ದು, ಮೇಲೆ ಬಿಟ್ಟು, ಅದು ಹೇಗೆ ತೇಲುವುದೆಂದು ೭೮ ಬಾರಿ ಪರೀಕ್ಷಿಸಿದರು. ಬಾಲ್ಯದ ವಿದ್ಯೆಯು ವ್ಯರ್ಥವಾಗದೆಂಬುದಕ್ಕೆ ಇದೇ ದೃಷ್ಟಾಂತ. ಬರ್ಲಿನ್ನಿನ ವಿದ್ಯಾರ್ಥಿದೆಸೆಯಲ್ಲಿ ಟ್ಯಾಂಕ್ ಅವರು ಕಲಿತ ಗ್ಲೈಡರಿನ ಪಾಠವು ಮೂರು ದಶಕಗಳ ಮೇಲೆ ಬೆಂಗಳೂರಿನಲ್ಲಿ ಫಲಿಸಿತು. ೧೯೬೧ರ ಜೂನ್ ೧೭ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ಎಚ್.ಎಫ್. ೨೪ ವಿಮಾನವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಒಂದು ವಾರದ ಬಳಿಕ ರಕ್ಷಣಾ ಸಚಿವರಾದ ಕೃಷ್ಣ ಮೆನನ್ನರ ಸಮಕ್ಷಮದಲ್ಲಿ ಬಹಿರಂಗ ಹಾರಾಟವು ನಡೆಯಿತು. ವಾಯುಪುತ್ರನ ನಾಡಿಗೆ ಒಪ್ಪುವಂತೆ ಅದಕ್ಕೆ ‘ಮಾರುತ’ ಎಂಬ ಹೆಸರಾಯಿತು.

ಒಲೆಯ ಉರಿ ಸಾಲದಾಯಿತು

ಇಲ್ಲಿಗೆ ಕತೆಯು ಸುಖಾಂತವಾಗಬೇಕಿತ್ತು. ಆಗಲಿಲ್ಲ. ಕಾರಣವು ಇಂಜಿನು.

ಟ್ಯಾಂಕ್ ಅವರು ಮಾರುತವನ್ನು ಯೋಜಿಸಿದುದು ಬ್ರಿಟನ್ನಿನಲ್ಲಿ ತಯಾರಾಗಬೇಕಿದ್ದ ಆರ್ಫಿಯಸ್ ಜಾತಿಯ ಬಲಿಷ್ಠವಾದ ಹೊಸ ಇಂಜಿನನ್ನು ನೆಚ್ಚಿ. ಅಂಥ ಪ್ರತಿಯೊಂದು ಇಂಜಿನೂ ಎಂಟು ಸಾವಿರ ಪೌಂಡಿಗೂ ಮೀರಿದ ನೂಕುಬಲವನ್ನು ಕೊಡುವುದಿತ್ತು. ಬ್ರಿಟಿಷರು ಆ ಇಂಜಿನಿನ ಕೆಲಸವನ್ನು ನಡುವೆ ಕೈಬಿಟ್ಟರು. ಅದನ್ನು ಪೂರ್ತಿಮಾಡಲು ಬೇಕಾದ ಹಣವನ್ನು ಕೊಡಲು ನಮ್ಮ ಸರಕಾರವು ಮುಂದಾಗಲಿಲ್ಲ. ಆಗ ಬೆಂಗಳೂರಿನಲ್ಲಿ ದೊರೆಯುತ್ತಿದ್ದ ಸಣ್ಣ ಆರ್ಫಿಯಸ್ ಇಂಜಿನುಗಳನ್ನೇ ತಾತ್ಕಾಲಿಕವಾಗಿ ಕೂರಿಸಿದರು. ಅವುಗಳ ಬಲವು ತಲಾ ೪,೮೫೦ ಪೌಂಡು ಮಾತ್ರ. ತಾತ್ಕಾಲಿಕವಾದುದೇ ಕಾಯಮಾಯಿತು. ಶಬ್ದದ ಎರಡು ಪಟ್ಟು ಹಾರಬೇಕಾದ ವಿಮಾನವು ಶಬ್ದದ ವೇಗವನ್ನು ಮುಟ್ಟುವಷ್ಟರಲ್ಲಿ ಏದುಸಿರು ಬಿಡುವಂತಾಯಿತು.

ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಹಿಟ್ಟು ಹದವಾಗಿದೆ, ಕಾವಲಿ ಒಳ್ಳೆಯದಿದೆ, ಭಟ್ಟರ ಕೈ ಪಳಗಿದೆ. ಆದರೆ ಒಲೆಗೆ ಉರಿಯಿಲ್ಲ. ದೋಸೆಯು ಗರಿಯಾಗದು. ಮೇಜಿನ ಮುಂದೆ ಕುಳಿತ ಗಿರಾಕಿಯು ಬೈಯುವುದು ಮಾತ್ರ ಭಟ್ಟರನ್ನೇ. ಮಾರುತವು ನಿಧಾನದ ವಿಮಾನವೆಂಬ ಅಪವಾದವು ಟ್ಯಾಂಕ್ ಅವರ ಹೆಸರಿಗೂ ಅಂಟಿಕೊಂಡಿತು.

ಬೇರೆ ಇಂಜಿನಿಗಾಗಿ ಹುಡುಕಾಟವು ನಡೆಯಿತು. ರಷ್ಯದ ಇಂಜಿನನ್ನು ನೋಡಿದರು, ಹೊಂದಲಿಲ್ಲ. ಆ ಕಾಲದಲ್ಲಿ ಈಜಿಪ್ಟ್ ದೇಶದಲ್ಲಿಯೂ ಒಂದು ಯುದ್ಧವಿಮಾನವು ತಯಾರಾಗುತ್ತಿತ್ತು. ಅದರ ಯೋಜಕರು ಬೇರಾರೂ ಅಲ್ಲ, ಟ್ಯಾಂಕ್ ಅವರ ಹಿಂದಿನ ಧಣಿಯೂ ಯುದ್ಧಕಾಲದ ಎದುರಾಳಿಯೂ ಆಗಿದ್ದ ಮೆಸ್ಸರ್‌ಶ್ಮಿಟ್ ಅವರು! ಒಂದು ಕಾಲದಲ್ಲಿ ಹಿಟ್ಲರನ ವಾಯುದಳಕ್ಕೆ ವಿಮಾನಗಳನ್ನು ಒದಗಿಸಿದ ಇಬ್ಬರು, ಆಗ ತಾನೇ ಬ್ರಿಟಿಷರ ಹಿಡಿತದಿಂದ ಬಿಡುಗಡೆಹೊಂದಿದ ಎರಡು ರಾಷ್ಟ್ರಗಳಲ್ಲಿ ದುಡಿಯುವಂತಾದುದು ಕಾಲದ ಮಹಿಮೆ. ಈಜಿಪ್ಟಿನಲ್ಲಿ ಇಂಜಿನಿತ್ತು, ಭಾರತದಲ್ಲಿ ವಿಮಾನದ ಮೈಯಿತ್ತು. ಎರಡನ್ನೂ ಕೂಡಿಸುವ ಯತ್ನವಾಯಿತು. ಭಾರತದ ವೈಮಾನಿಕ ಕಪಿಲ್ ಭಾರ್ಗವ ಅವರು ೧೯೬೪ರಲ್ಲಿ ಈಜಿಪ್ಟಿನ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು. ೧೯೬೭ರಲ್ಲಿ ಮಾರುತವೂ ಈಜಿಪ್ಟಿನ ಇಂಜಿನನ್ನು ಹೊತ್ತು ಹಾರಿತು. ಆದರೆ ಅದೇ ವರ್ಷ ಇಸ್ರೇಲಿನೊಡನೆ ನಡೆದ ಯುದ್ಧದಲ್ಲಿ ಸೋತು ಬಳಲಿದ ಈಜಿಪ್ಟ್ ಸರಕಾರವು ೧೯೬೯ರಲ್ಲಿ ಆ ಕೆಲಸವನ್ನೇ ನಿಲ್ಲಿಸಿತು.

ಟ್ಯಾಂಕ್ ಅವರು ೧೯೬೭ರಲ್ಲಿಯೇ ಭಾರತವನ್ನು ಬಿಟ್ಟು ಜರ್ಮನಿಗೆ ಮರಳಿದ್ದರು. ಬಂದಾಗ ಐವತ್ತೆಂಟು ವಯಸ್ಸು, ಹೋಗುವಾಗ ಅರುವತ್ತೊಂಬತ್ತು. ಅವರು ಹೋದ ಮೇಲೂ ಇಲ್ಲಿಯವರು ಯತ್ನವನ್ನು ಬಿಡಲಿಲ್ಲ. ಇಂಜಿನು ಉಗುಳುವ ಬಿಸಿಗಾಳಿಯಲ್ಲಿ ಪುನಃ ಇಂಧನವನ್ನು ಉರಿಸಿ ಬಲವನ್ನು ಹೆಚ್ಚಿಸುವ ಉಪಾಯವನ್ನು ಬೆಂಗಳೂರಿನಲ್ಲಿಯೇ ಮಾಡಿದರು. ಹಾಗೆ ಸಿದ್ಧಪಡಿಸಿದ ಮಾರುತವನ್ನು ೧೯೭೦ರ ಜನವರಿ ೧೦ರಂದು ಹಾರಿಸಲು ಹೊರಟ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರು ನೆಲಬಿಟ್ಟ ಕೆಲವೇ ಕ್ಷಣಗಳಲ್ಲಿ ಅಪಘಾತಕ್ಕೆ ಬಲಿಯಾದರು. ಮೊದಲ ದಿನ ಮಾರುತವನ್ನು ಏರಿದ ವೀರನೇ ಅದಕ್ಕಾಗಿ ಪ್ರಾಣವನ್ನೂ ತೆತ್ತನು. ಬೆಂಗಳೂರಿನ ವಿಮಾನ ಕಾರಖಾನೆಯ ಸಮೀಪದಲ್ಲಿ ಸುರಂಜನ್ ದಾಸ್ ರಸ್ತೆ ಎಂಬುದೊಂದಿದೆ. ಆ ರಸ್ತೆಯಲ್ಲಿ ದಿನವೂ ಓಡಾಡುವ ನಮ್ಮ ಬಂಧುಗಳು ಆ ಹೆಸರು ಯಾರದೆಂದು ಒಂದು ಕ್ಷಣ ನೆನೆದರೆ ಒಳಿತು.

ಪರೀಕ್ಷೆಯ ದಿನ

ಮಾರುತದ ಗುಣವು ತಿಳಿದುದು ೧೯೭೧ರ ಡಿಸೆಂಬರಿನಲ್ಲಿ, ಪಾಕಿಸ್ತಾನದೊಡನೆ ಯುದ್ಧವು ನಡೆದಾಗ. ರಾಜಸ್ಥಾನದ ಮರುಭೂಮಿಯ ಮುಂಚೂಣಿಯಲ್ಲಿ ಎರಡು ವಾರಗಳಲ್ಲಿ ಅದು ಮುನ್ನೂರಕ್ಕೂ ಮಿಕ್ಕಿ ಹಾರಾಟಗಳನ್ನು ಮಾಡಿತು. ಲೋಂಗೇವಾಲಾದ ಕಾಳಗದಲ್ಲಿ ಹಂಟರ್ ವಿಮಾನಗಳೊಡನೆ ಮಾರುತವೂ ಪಾಲ್ಗೊಂಡಿತು. ನೆಲದಿಂದ ಹಾರಿಬಂದ ಗುಂಡುಗಳಿಗೆ ಕೆಲವು ವಿಮಾನಗಳು ಬಿದ್ದುದು ನಿಜ. ಆದರೆ ಆಕಾಶದಲ್ಲಿ ಶತ್ರು ವಿಮಾನದೊಡನೆ ನಡೆದ ಕಾದಾಟದಲ್ಲಿ ಒಂದು ಮಾರುತವನ್ನೂ ನಾವು ಕಳೆದುಕೊಳ್ಳಲಿಲ್ಲ. ಒಂದು ಇಂಜಿನು ಪೆಟ್ಟುತಿಂದು ನಿಂತರೂ ಇನ್ನೊಂದರ ಬಲದಿಂದಲೇ ಅದು ಪೈಲಟನನ್ನು ನೆಲೆಗೆ ಮುಟ್ಟಿಸಿದ ಪ್ರಸಂಗಗಳಿವೆ. ಓಟದಲ್ಲಿ ಹಿಂದೆ ಬಿದ್ದರೂ ಗಾಯವಾದರೂ ಸವಾರನನ್ನು ಮನೆಗೆ ತರುವ ದಂಡಿನ ಕುದುರೆ! ಅಶ್ವದಳದ ಹುಡುಗನು ೧೯೧೪ರ ಯುದ್ಧದಲ್ಲಿ ಕಲಿತ ಪಾಠವು ಹೀಗೆ ಅರ್ಧ ಶತಮಾನದ ಮೇಲೆ ನಮ್ಮ ಪೈಲಟರ ಪ್ರಾಣವನ್ನು ಉಳಿಸಿತು.

ಒಟ್ಟು ೧೪೭ ಮಾರುತಗಳು ಬೆಂಗಳೂರಿನಲ್ಲಿ ತಯಾರಾದುವು. ೧೯೯೦ರ ಸುಮಾರಿಗೆ ಅವೆಲ್ಲ ಸೇವೆಯಿಂದ ನಿವೃತ್ತವಾದುವು. ಟ್ಯಾಂಕ್ ಅವರು ಜರ್ಮನಿಯಲ್ಲಿ ಕೆಲಕಾಲ ವಿಮಾನ ಕಂಪೆನಿಗೆ ಸಲಹೆಗಾರರಾಗಿದ್ದು, ೧೯೮೩ರ ಜೂನ್ ೫ರಂದು ಮ್ಯೂನಿಕ್ ನಗರದಲ್ಲಿ ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಂಥ ಬಾಳನ್ನು ನಾವು ಯಾವ ತಕ್ಕಡಿಯಲ್ಲಿ ತೂಗಬೇಕು? ಮೂರು ಖಂಡಗಳಲ್ಲಿ ಮೂರು ಬಗೆಯ ಧಣಿಗಳಿಗೆ ಅವರು ದುಡಿದರು. ಮೊದಲ ಧಣಿಯು ಲೋಕಕಂಟಕನು. ಅವನ ಕೆಲಸದ ಮೈಲಿಗೆಯನ್ನು ಯಾವ ಜಾಣ್ಮೆಯಿಂದಲೂ ತೊಳೆಯಲಾಗದು. ಆದುದರಿಂದ ಟ್ಯಾಂಕ್ ಅವರನ್ನು ಪೂಜೆಯ ಪೀಠಕ್ಕೇರಿಸಲು ನಾವು ಸಿದ್ಧರಿಲ್ಲ. ಆದರೆ ಬೆಂಗಳೂರಿನಲ್ಲಿ ಅವರು ಬಿಟ್ಟುಹೋದುದು ವಿಮಾನಗಳನ್ನು ಮಾತ್ರವಲ್ಲ. ವಿಮಾನವನ್ನು ಯೋಜಿಸಬಲ್ಲ ಒಂದು ತಲೆಮಾರನ್ನು. ಆ ಋಣವನ್ನು ಒಪ್ಪಿಕೊಳ್ಳದಿದ್ದರೆ ಕೃತಘ್ನರಾಗುತ್ತೇವೆ. ದುಡಿಯುವವನು ತನ್ನ ಕೈಕಸುಬಿನ ಬಗ್ಗೆ ಅಭಿಮಾನಪಡಬೇಕು, ಜೊತೆಗೆ ಯಾರ ಮನೆಯಲ್ಲಿ ದುಡಿಯುತ್ತಿದ್ದೇನೆಂದೂ ಕೇಳಿಕೊಳ್ಳಬೇಕೆಂಬ ಎರಡು ಬುದ್ಧಿಯನ್ನು ಈ ಒಂದೇ ಬಾಳು ನಮಗೆ ಹೇಳುತ್ತದೆ.

ನಾಡಿಗೂ ಇಲ್ಲೊಂದು ಎಚ್ಚರಿಕೆಯಿದೆ. ೨೦೦೧ರಲ್ಲಿ ಬೆಂಗಳೂರಿನಿಂದಲೇ ಹಾರಿದ ‘ತೇಜಸ್’ ನಮ್ಮವರ ಯೋಜನೆಯ ಫಲ. ಆದರೆ ಅದರ ಇಂಜಿನು ಅಮೆರಿಕದ್ದು. ಟ್ಯಾಂಕ್ ಅವರ ಕೈ ಕಟ್ಟಿಹಾಕಿದ ಅದೇ ಕೊರತೆಯು ಇಂದಿಗೂ ತೀರಿಲ್ಲ. ಒಲೆಯ ಉರಿಯನ್ನು ನೆರೆಮನೆಯಿಂದ ಕಡ ತರುವವರೆಗೆ ಹೋಟೆಲು ನಮ್ಮದೆಂದು ಪೂರ್ತಿಯಾಗಿ ಹೇಳುವಂತಿಲ್ಲ.

ಮಾರುತಗಳಲ್ಲಿ ಒಂದು ಈಗ ಮ್ಯೂನಿಕ್ ಸಮೀಪದ ವಸ್ತುಸಂಗ್ರಹಾಲಯದಲ್ಲಿದೆ, ಅದರ ಶಿಲ್ಪಿಯು ಕಣ್ಣುಮುಚ್ಚಿದ ಊರಿನ ಹತ್ತಿರದಲ್ಲಿಯೇ. ಇನ್ನೊಂದು ನಮ್ಮ ವರ್ಲಿಯಲ್ಲಿದೆ. ಮುಂದಿನ ರಜೆಯಂದು ನಮ್ಮ ಹೋಟೆಲು ಬಂಧುಗಳೂ ಆಫೀಸಿನ ಮಿತ್ರರೂ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಬೇಕೆಂದು ನಮ್ಮ ವಿಜ್ಞಾಪನೆ. ಬೆಂಗಳೂರಿನ ಹೆಸರನ್ನು ಹೇಳಿ ಹೆಮ್ಮೆಪಡಿರಿ. ಆ ಬಳಿಕ ಕುದುರೆಸವಾರನ ಕತೆಯನ್ನೂ, ಬ್ರೆಮೆನ್ನಿನ ಹೆಸರಿಲ್ಲದ ಕೂಲಿಗಳ ಕತೆಯನ್ನೂ, ಸುರಂಜನ್ ದಾಸರ ಕತೆಯನ್ನೂ ಮಕ್ಕಳಿಗೆ ಹೇಳಿರಿ. ಮೂರನ್ನೂ ಹೇಳಿದರೆ ಮಾತ್ರ ಆ ವಿಮಾನದ ಕತೆಯು ಪೂರ್ತಿಯಾಗುತ್ತದೆ.